ತಿನ್ನದ ಮರಿ, ಬಿಡದ ಪೊರೆ: ಕಾಸರಗೋಡಿನ ಮಳೆಗಾಲದಲ್ಲಿ ಬಿಯರ್ಡೆಡ್ ಡ್ರ್ಯಾಗನ್

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ನಮ್ಮ ಕಿಟ್ಟ ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ ಮರಿ, ಮನೆಯಲ್ಲಿ ಸಾಕುವ ಓಂತಿ ಜಾತಿಯ ಪ್ರಾಣಿ. ಬಾಲದ ಮೇಲೆ ಬೂದಿ ಬಣ್ಣದ ಪೊರೆ ಅಂಟಿಕೊಂಡಿತ್ತು. ಮೈ ಮಂಕಾಗಿತ್ತು. ಹುಳ ಮೂಗಿನ ಮುಂದೆಯೇ ಹರಿದಾಡಿದರೂ ಕಣ್ಣು ಹೊರಳಿಸುತ್ತಿರಲಿಲ್ಲ. "ಈ ಮಳೆಗೆ ಮನುಷ್ಯರಿಗೇ ಹಸಿವಿಲ್ಲ, ಇನ್ನು ನಿನ್ನ ಓಂತಿಗೆ ಎಲ್ಲಿಂದ ಬರಬೇಕು?" ಅಂದರು ಅಮ್ಮ. ನಾನು ಜಂತುಹುಳ, ವೈರಸ್, ಕರುಳು ಕಟ್ಟಿದ್ದು ಅಂತ ಎರಡು ರಾತ್ರಿ ಓದಿ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ ಕಾರಣ ಇಷ್ಟೇ. ಹಾಲೋಜನ್ ಬಲ್ಬು ಸುಟ್ಟುಹೋಗಿತ್ತು. ನಾನು ಮಂಗಳೂರಿಗೆ ಹೋಗಿದ್ದ ದಿನ ತಮ್ಮ ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದ್ದ. ಬೆಳಕು ಮೊದಲಿಗಿಂತ ಜೋರು. ಬಿಸಿ ಮಾತ್ರ ಇಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಮರಿಗೆ ಏನೋ ಆಗಿದೆ ಅನಿಸಿದರೆ ಮೊದಲು ಪೆಟ್ಟಿಗೆ ನೋಡುತ್ತೇನೆ, ಆಮೇಲೆ ಮರಿಯನ್ನು. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಯ ಪ್ರಾಣಿ. ಅದರ ಮೈ ತಾನಾಗಿ ಬಿಸಿಯಾಗುವುದಿಲ್ಲ. ತಿಂದದ್ದು ಕರಗಬೇಕಾದರೂ ಹೊರಗಿನ ಬಿಸಿಯೇ ಬೇಕು. ನಮ್ಮಲ್ಲೋ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ. ಆ ಮರುಭೂಮಿಯನ್ನು ಬದಿಯಡ್ಕದ ಹಂಚಿನ ಮನೆಯೊಳಗೆ ಒಂದು ಪೆಟ್ಟಿಗೆಯಲ್ಲಿ ಕಟ್ಟಿಕೊಡಬೇಕು ನಾವು. ಅದು ಎಲ್ಲೋ ಸಡಿಲವಾದಾಗ ಮೊದಲು ಕಾಣುವುದು ಎರಡೇ: ಊಟ ಬಿಡುತ್ತದೆ, ಪೊರೆ ಬಿಡುವುದಿಲ್ಲ.

ಇವು ಕಂಡರೆ ಮುಂದೆ ಓದುತ್ತಾ ಕೂರಬೇಡಿ

ಹಿಂಗಾಲು ಎಳೆದುಕೊಂಡು ನಡೆಯುವುದು. ಮೈ ನಡುಗುವುದು, ಸೆಳೆತ ಬರುವುದು. ಕೆಳದವಡೆ ಮೆತ್ತಗಾಗಿರುವುದು. ಬಾಯಿ ಮೂಗಿನಲ್ಲಿ ಲೋಳೆ ಅಥವಾ ನೊರೆ. ಹಿಕ್ಕೆಯಲ್ಲಿ ರಕ್ತ. ಬೆರಳು ಅಥವಾ ಬಾಲದ ತುದಿ ಊದಿಕೊಂಡು ಕಪ್ಪಾಗುವುದು. ಹಿಂಬದಿಯಿಂದ ಕೆಂಪು ಮಾಂಸ ಹೊರಗೆ ಬಂದಿರುವುದು. ಇದರಲ್ಲಿ ಯಾವ ಒಂದು ಕಂಡರೂ ಅದೇ ದಿನ ಸರೀಸೃಪ ನೋಡುವ ಪಶುವೈದ್ಯರಿಗೆ ಫೋನ್ ಮಾಡಿ. ಮನೆಮದ್ದಿನ ಕೆಲಸ ಅಲ್ಲ ಇದು.

ಮೊದಲು ಪೆಟ್ಟಿಗೆ: ಹತ್ತು ನಿಮಿಷ, ಖರ್ಚಿಲ್ಲ

ಬಲ್ಬಿನ ಕೆಳಗೆ ಮರಿ ಕೂರುವ ಜಾಗ ಎಷ್ಟು ಬಿಸಿ ಇದೆ ಅಂತ ಅಳೆಯಿರಿ. ಕೈಯಿಂದ ಮುಟ್ಟಿ ಹೇಳಲು ಆಗುವುದಿಲ್ಲ. ಮರಿಗಳಿಗೆ ಕಲ್ಲಿನ ಅಥವಾ ಕೊಂಬೆಯ ಮೇಲ್ಮೈ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 25ರಿಂದ 29. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಥರ್ಮಾಮೀಟರ್ ಮನೆಯ ಮೂಲೆಯಲ್ಲಿ ಬಿದ್ದಿದ್ದರೆ ತೆಗೆಯಿರಿ. ಎಷ್ಟೋ ಗನ್‌ಗಳಲ್ಲಿ ಮೈ ಬಿಸಿಗೆ ಒಂದು, ವಸ್ತುಗಳ ಬಿಸಿಗೆ ಒಂದು ಅಂತ ಎರಡು ಬಗೆ ಇರುತ್ತದೆ. ವಸ್ತುವಿನದಕ್ಕೆ ಬದಲಾಯಿಸಿ ಅಳೆಯಿರಿ. ಗಾಜಿಗೆ ಅಂಟಿಸುವ ಪಟ್ಟಿ ಥರ್ಮಾಮೀಟರ್ ಗಾಜಿನ ಬಿಸಿ ಹೇಳುತ್ತದೆ ಅಷ್ಟೇ, ಮರಿ ಕೂತ ಜಾಗದ್ದಲ್ಲ.

ಬಿಸಿ ಕಡಿಮೆ ಇದ್ದರೆ ಮೊದಲು ಬಲ್ಬು ಎಂಥದ್ದು ನೋಡಿ. ಎಲ್‌ಇಡಿ, ಸಿಎಫ್‌ಎಲ್ ಆಗದು. ಹಾಲೋಜನ್ ಅಥವಾ ಹಳೆಯ ತಂತಿಯ ಬಲ್ಬು ಬೇಕು. ಎರಡನೆಯದು ವೋಲ್ಟೇಜು. ನಮ್ಮ ಕಡೆ ಸಂಜೆ ಹೊತ್ತು ಬಲ್ಬು ಮಿಣುಕುದೀಪ ಆಗುವುದುಂಟಲ್ವಾ? ಬೆಳಕಿನ ಜೊತೆಗೆ ಬಿಸಿಯೂ ಕುಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಅಳೆಯಬೇಕು. ಮೂರನೆಯದು ಎತ್ತರ. ಕಲ್ಲನ್ನು ಎರಡು ಇಂಚು ಮೇಲೆತ್ತಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಆಮೇಲೆ ಯುವಿಬಿ ಟ್ಯೂಬು. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಕಿರಣ, ಮರಿಯ ಮೂಳೆಗೆ ಅದು ಬೇಕು. ಇದೇ ದೊಡ್ಡ ಮೋಸ. ಟ್ಯೂಬು ಉರಿಯುತ್ತಿದ್ದರೂ ಹಳೆಯದಾದರೆ ಅದರಲ್ಲಿ ಸಾಕಷ್ಟು ಯುವಿಬಿ ಉಳಿದಿರುವುದಿಲ್ಲ. ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಟಿ5 ಬಗೆಯ ಸಪೂರ ಟ್ಯೂಬನ್ನು ವರ್ಷಕ್ಕೊಮ್ಮೆ, ದಪ್ಪದ ಟಿ8 ಆದರೆ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲೇ ಮಾರ್ಕರಿನಲ್ಲಿ ಬರೆದಿಡಿ. ಟ್ಯೂಬಿಗೂ ಮರಿಗೂ ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಇದ್ದರೆ ಯುವಿಬಿ ದಾಟುವುದೇ ಇಲ್ಲ. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಿನ ಕಥೆಯೂ ಅದೇ. ಸುರುಳಿ ಆಕಾರದ ಸಣ್ಣ ಯುವಿಬಿ ಬಲ್ಬಿಗಿಂತ ಉದ್ದದ ಟ್ಯೂಬು ಎಷ್ಟೋ ವಾಸಿ.

ಕೊನೆಗೆ ತೇವ. ಪೆಟ್ಟಿಗೆಯೊಳಗೆ ಶೇ. 30ರಿಂದ 40 ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಕಾಸರಗೋಡಿನ ಜುಲೈಯಲ್ಲಿ ಅದು ಕನಸು. ಹಗಲು ಬಲ್ಬು ಉರಿಯುವಾಗ 60ರ ಒಳಗೆ ಇಳಿದರೆ ನಾನು ಸಮಾಧಾನ ಪಡುತ್ತೇನೆ. ಅದಕ್ಕೆ ಮಾಡಬೇಕಾದ್ದು ಇಷ್ಟು: ದೊಡ್ಡ ನೀರಿನ ಬಟ್ಟಲು ಹೊರಗೆ. ನೀರು ಚಿಮುಕಿಸುವುದು ಬಂದ್. ತೆಂಗಿನ ನಾರಿನ ಪುಡಿ ಹಾಸಿದ್ದರೆ ತೆಗೆಯಿರಿ. ಅದು ನಮ್ಮಲ್ಲಿ ಸಸ್ತಾ ಸಿಗುತ್ತದೆ ನಿಜ, ಆದರೆ ನೀರು ಹೀರಿ ಹಿಡಿದಿಡುವುದೇ ಅದರ ಗುಣ. ಮನೆ ಕಟ್ಟಿದಾಗ ಉಳಿದ ನೆಲದ ಟೈಲು ಹಾಸಿ, ಒರಟು ಬದಿ ಮೇಲೆ. ಅಥವಾ ಹಳೆಯ ಪೇಪರ್ ಸಾಕು. ಮೀನಿನ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದರೆ ಮೇಲೆ ಪೂರ್ತಿ ಬಲೆ ಇರಲಿ. ಒದ್ದೆ ಗೋಡೆಯಿಂದ ಒಂದು ಗೇಣು ದೂರ ಇಡಿ.

ರಾತ್ರಿ ಬಿಸಿ ಬೇಕಾ? ಬೇಡ. ರಾತ್ರಿ 20ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು, ನಮ್ಮ ಕರಾವಳಿಯಲ್ಲಿ ಅಷ್ಟು ಇಳಿಯುವುದೇ ಅಪರೂಪ. ಕೆಂಪು ಬಲ್ಬು, ಬಿಸಿಯಾಗುವ ಕಲ್ಲು ಮಾರುವವರು ಇದ್ದಾರೆ. ಬಿಸಿಕಲ್ಲಿನ ಮೇಲೆ ಹೊಟ್ಟೆ ಸುಟ್ಟುಕೊಂಡರೂ ಈ ಪ್ರಾಣಿಗೆ ಬೇಗ ಗೊತ್ತಾಗುವುದಿಲ್ಲ. ಆ ದುಡ್ಡಿಗೆ ಒಂದು ಹಾಲೋಜನ್ ಬಲ್ಬು ಜಾಸ್ತಿ ತಂದಿಡಿ.

ಎಚ್ಚರಿಕೆ ಒಂದು. ಬಿಸಿ ಬಲ್ಬಿಗೆ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದ್ದೇ ಹಾಕಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಸೋರುವ ಹಂಚಿನ ಕೆಳಗೆ ಪೆಟ್ಟಿಗೆ ಬೇಡ. ಉರಿಯುತ್ತಿರುವ ಹಾಲೋಜನ್ ಮೇಲೆ ಒಂದು ಹನಿ ಬಿದ್ದರೂ ಒಡೆದು ಚೂರು ಸಿಡಿಯಬಹುದು. ಗುಡುಗು ಸಿಡಿಲಿನ ಹೊತ್ತು ಪ್ಲಗ್ ತೆಗೆದುಬಿಡಿ, ಒಂದೆರಡು ಗಂಟೆಗೆ ಮರಿಗೆ ಏನೂ ಆಗದು.

ತಿನ್ನುತ್ತಿಲ್ಲ, ಆದರೆ ಕಣ್ಣು ಚುರುಕಾಗಿದೆ, ಓಡಾಡುತ್ತದೆ

ಮನೆಗೆ ಬಂದು ಎರಡು ವಾರ ಆಗಿಲ್ಲ ಅಂದರೆ ಹೊಸ ಜಾಗದ ಹೆದರಿಕೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮರಿ ಮರುದಿನವೇ ಗಬಗಬ ತಿನ್ನಬೇಕು ಅಂದರೆ ಹೇಗೆ? ಪೆಟ್ಟಿಗೆಯ ಮೂರು ಬದಿಗೆ ಪೇಪರ್ ಅಂಟಿಸಿ. ಎತ್ತಿ ಆಡಿಸುವುದು ಬೇಡ. ನೆಂಟರ ಮಕ್ಕಳಿಗೆ ತೋರಿಸುವುದಂತೂ ಬೇಡವೇ ಬೇಡ. ಹುಳ ಬಿಟ್ಟು ದೂರ ಹೋಗಿ.

ಮರಿ ಹಳೆಯದೇ ಆಗಿದ್ದರೆ ಮೈ ಬಣ್ಣ ನೋಡಿ. ಬೆಳ್ಳಗೆ ಬೂದಿ ಬಳಿದ ಹಾಗಿದ್ದರೆ ಪೊರೆಯ ಸಮಯ. ಆಗ ಎರಡು ಮೂರು ದಿನ ಊಟ ಕಡಿಮೆಯಾಗುವುದು ಸಹಜ. ನಮಗೆ ಚರ್ಮ ಕೆರೆಯುವಾಗ ಅನ್ನ ಸೇರುತ್ತದಾ?

ಮೂರನೆಯದು ಹುಳದ ಗಾತ್ರ. ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದು. ದೊಡ್ಡ ಹುಳಕ್ಕೆ ಕೆಲವು ಮರಿಗಳು ಹೆದರುತ್ತವೆ, ಕೆಲವು ನುಂಗಿ ಸಿಕ್ಕಿಹಾಕಿಕೊಳ್ಳುತ್ತವೆ. ಎರಡನೆಯದೇ ಜಾಸ್ತಿ ಅಪಾಯ.

ನಾಲ್ಕನೆಯದು ಹೊತ್ತು. ಬಲ್ಬು ಹಾಕಿದ ತಕ್ಷಣ ತಿನ್ನುವುದಿಲ್ಲ. ಒಂದು ಗಂಟೆ ಬಿಸಿ ಕಾಯಲಿ. ಹಾಗೆಯೇ ಬಲ್ಬು ಆರಿಸುವ ಎರಡು ಗಂಟೆ ಮೊದಲು ಕೊನೆಯ ಊಟ ಮುಗಿದಿರಬೇಕು. ಕರೆಂಟು ಹೋದ ದಿನ ಹುಳ ಕೊಡಲೇಬೇಡಿ. ಬಿಸಿ ಇಲ್ಲದೆ ಹೊಟ್ಟೆಯೊಳಗೆ ಹುಳ ಕರಗದೆ ಕೊಳೆಯುತ್ತದೆ. ಒಂದು ದಿನ ಉಪವಾಸ ಇದ್ದರೆ ಮರಿ ಸಾಯುವುದಿಲ್ಲ.

ಎರಡು ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಾ? ಹಾಗಾದರೆ ಕಾರಣ ಹುಡುಕಬೇಕಾಗಿಲ್ಲ. ಒಂದರ ಮೇಲೊಂದು ಕೂತದ್ದು ಪ್ರೀತಿಯಿಂದ ಅಲ್ಲ, ಬಿಸಿ ಜಾಗ ಕಿತ್ತುಕೊಳ್ಳಲು. ಕೆಳಗಿನದು ತಿನ್ನುವುದು ಬಿಡುತ್ತದೆ, ಬೆರಳು, ಬಾಲದ ತುದಿ ಕಚ್ಚಿಸಿಕೊಳ್ಳುತ್ತದೆ. ಇವತ್ತೇ ಬೇರೆ ಮಾಡಿ.

ಒಂದು ವಸ್ತು ಮಾತ್ರ ತಪ್ಪದೆ ಇರಲಿ: ಗ್ರಾಂ ತೋರಿಸುವ ತಕ್ಕಡಿ. ಅಡುಗೆಮನೆಯದ್ದಲ್ಲ, ಬೇರೆಯೇ ಒಂದು. ಪ್ರತಿ ಭಾನುವಾರ ಬೆಳಿಗ್ಗೆ ಊಟಕ್ಕೆ ಮೊದಲು ತೂಗಿ ಬರೆದಿಡಿ. ಮರಿಯ ತೂಕ ವಾರವಾರ ಏರುತ್ತಿರಬೇಕು. ಮೂರು ದಿನ ತಿನ್ನದಿದ್ದರೂ ತೂಕ ನಿಂತಿದ್ದರೆ ಕಾಯಬಹುದು. ಹತ್ತರಲ್ಲಿ ಒಂದು ಪಾಲು ತೂಕ ಇಳಿದಿದೆ ಅಂದರೆ ಕಾಯುವ ಮಾತಿಲ್ಲ. ಮೂರು ತಿಂಗಳಿಗಿಂತ ಸಣ್ಣ ಮರಿಗೆ ಎರಡು ದಿನವೇ ನನ್ನ ಗಡಿ. ಬಾಯಿ ಬಿಡಿಸಿ ತುರುಕಬೇಡಿ. ಮೂಗಿನ ತುದಿಗೆ ಒಂದೊಂದೇ ಹನಿ ನೀರು ಬಿಡಿ, ನೆಕ್ಕಿಕೊಳ್ಳುತ್ತದೆ.

ತಿನ್ನುತ್ತಿಲ್ಲ, ಮಂಕು ಬಡಿದಿದೆ, ಮೈ ಕಪ್ಪಾಗಿದೆ

ಬೆಳಿಗ್ಗೆ ಹೊತ್ತು ಮೈ ಕಪ್ಪಾಗುವುದು ಬಿಸಿ ಹೀರಿಕೊಳ್ಳುವ ಉಪಾಯ. ಮಧ್ಯಾಹ್ನವೂ ಕಪ್ಪಾಗಿಯೇ ಇದ್ದು ಬಲ್ಬಿನ ಕೆಳಗಿಂದ ಕದಲದಿದ್ದರೆ ಬಿಸಿ ಸಾಲುತ್ತಿಲ್ಲ ಅಂತ ಅರ್ಥ. ಮೇಲೆ ಹೇಳಿದ ಅಳತೆ ಮತ್ತೊಮ್ಮೆ ಮಾಡಿ. ಸರಿಪಡಿಸಿದ ಮೇಲೆ ಎರಡು ದಿನ ಕೊಡಿ. ನಮ್ಮ ಕಿಟ್ಟ ಹಾಲೋಜನ್ ಬಂದ ಮರುದಿನ ಮಧ್ಯಾಹ್ನ ಆರು ಹುಳ ನುಂಗಿದ.

ಬಿಸಿ ಸರಿ ಇದೆ, ಆದರೂ ಗಡ್ಡ (ಗಂಟಲ ಕೆಳಗಿನ ಮುಳ್ಳು ಮುಳ್ಳು ಚರ್ಮ) ಮಾತ್ರ ದಿನವಿಡೀ ಕಪ್ಪು ಅಂದರೆ ನೋವು ಅಥವಾ ಹೆದರಿಕೆ. ಪೆಟ್ಟಿಗೆಯ ಎದುರು ಬೆಕ್ಕು ಕೂರುತ್ತದಾ? ರಾತ್ರಿ ಉಳಿದ ಹುಳಗಳು ಮರಿಯ ಬೆರಳು ಕಡಿಯುತ್ತವಾ? ತಿಂದು ಉಳಿದ ಕ್ರಿಕೆಟ್ ಹುಳಗಳನ್ನು (ಮಿಡತೆಯ ಹಾಗೆ ಜಿಗಿಯುವ ಹುಳ) ಹತ್ತು ಹದಿನೈದು ನಿಮಿಷದಲ್ಲಿ ಹೆಕ್ಕಿ ತೆಗೆಯಬೇಕು. ಇರುವೆಗಳದ್ದು ಇನ್ನೊಂದು ಕಾಟ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡುವ ಅಜ್ಜಿಯಂದಿರ ಉಪಾಯಕ್ಕೆ ಸಮ ಇನ್ನೊಂದಿಲ್ಲ.

"ಚಳಿನಿದ್ದೆ ಇರಬಹುದು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡವು ತಿಂಗಳುಗಟ್ಟಲೆ ಮಲಗುವುದುಂಟು. ವರ್ಷ ತುಂಬದ ಮರಿ ಮಲಗಿಯೇ ಇದ್ದರೆ ಅದು ಕಾಯಿಲೆ ಅಂತಲೇ ತಿಳಿದು ನಡೆಯಿರಿ.

ಇಲ್ಲಿ ಒಂದು ಮಾತು, ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಮಿಣುಕುಹುಳ ಕೊಡಬೇಡಿ, ಪೆಟ್ಟಿಗೆಯ ಹತ್ತಿರವೂ ಬರಲು ಬಿಡಬೇಡಿ. ಮೊದಲ ಮಳೆ ಬಿದ್ದಾಗ ನಮ್ಮ ತೋಟ ತುಂಬಾ ಮಿಣುಕುಹುಳ. ಬೆಳಕಿಗೆ ಒಳಗೂ ಬರುತ್ತವೆ. ಅದರ ಮೈಯಲ್ಲಿರುವ ವಿಷ ಹೃದಯವನ್ನು ಹಿಡಿಯುತ್ತದೆ. ಒಂದೇ ಒಂದು ಹುಳ ನುಂಗಿದ ಬಿಯರ್ಡೆಡ್ ಡ್ರ್ಯಾಗನ್ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬಾಯಿ ತೆರೆದು ತಲೆ ಕೊಡವುವುದು, ಮೈ ಒಮ್ಮೆಲೇ ಕಪ್ಪಾಗುವುದು ಅದರ ಗುರುತು. ಸಂಜೆ ಕಿಟಕಿಗೆ ಬಲೆ ಹಾಕಿ. ಮಳೆಗಾಲದಲ್ಲಿ ಜಗಲಿ ಹತ್ತುವ ಚೋರಟೆಯನ್ನೂ ದೂರ ಇಡಿ, ಅದು ಬಿಡುವ ರಸ ಒಳ್ಳೆಯದಲ್ಲ.

ತೋಟದ ಮಿಡತೆ, ಜಿರಳೆ ಹಿಡಿದು ಕೊಡೋಣ ಅನಿಸುತ್ತದೆ. ಹುಳ ಕೊರಿಯರಿನಲ್ಲಿ ಬರುವಾಗ ಅರ್ಧ ಸತ್ತಿರುತ್ತದೆ, ಹೊರಗೆ ಸುಮ್ನೆ ಸಿಗುವಾಗ ಯಾಕೆ ಬೇಡ? ತೋಟಕ್ಕೆ ಬಿಡುವ ಕೀಟನಾಶಕ ಮದ್ದಿನಿಂದಾಗಿ ಬೇಡ. ಎಂಡೋಸಲ್ಫಾನ್ ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳ ಎಲ್ಲಿ ಏನು ಮೇಯ್ದು ಬಂತು ಅಂತ ನಮಗೆ ಗೊತ್ತಾಗುವುದಿಲ್ಲ. ಗೋಧಿ ಬೂಸಾದಲ್ಲಿ ಮೀಲ್‌ವರ್ಮ್ (ಒಂದು ಜಾತಿಯ ದುಂಬಿಯ ಮರಿಹುಳ) ಬೆಳೆಸುವುದು ಸುಲಭ, ಆದರೆ ಅದರ ಸಿಪ್ಪೆ ಗಟ್ಟಿ, ಕೊಬ್ಬು ಜಾಸ್ತಿ. ಅಪರೂಪಕ್ಕೆ ಕೊಡಿ. ದಿನದ ಊಟಕ್ಕೆ ಕ್ರಿಕೆಟ್ ಹುಳ ಅಥವಾ ಡೂಬಿಯಾ ಅನ್ನುವ ಜಾತಿಯ ಜಿರಳೆ ಸಾಕಿಕೊಳ್ಳಿ.

ಹುಳ ತಿನ್ನುತ್ತದೆ, ಸೊಪ್ಪು ಮೂಸುವುದೂ ಇಲ್ಲ

ದೋಷವೇ ಅಲ್ಲ. ಮರಿಗಳ ಊಟದಲ್ಲಿ ಮುಕ್ಕಾಲು ಪಾಲು ಹುಳ, ಕಾಲು ಪಾಲು ಸೊಪ್ಪು. ದೊಡ್ಡದಾದ ಮೇಲೆ ಇದು ತಿರುಗುಮುರುಗು ಆಗುತ್ತದೆ. ಆದರೂ ದಿನಾ ಬೆಳಿಗ್ಗೆ ಸೊಪ್ಪು ಇಡಿ, ರೂಢಿಯಾಗಲಿ. ನುಗ್ಗೆಸೊಪ್ಪು ಸಣ್ಣಗೆ ಕೊಚ್ಚಿ, ಮೇಲೆ ತುರಿದ ಸಿಹಿಗುಂಬಳ. ಕೆಂಪು ದಾಸವಾಳ ಹೂವು ಹರಿದು ಹಾಕಿದರೆ ಬಣ್ಣಕ್ಕೆ ಮರುಳಾಗಿ ಬಾಯಿ ಹಾಕುತ್ತವೆ.

ನಮ್ಮ ಮನೆಗಳಲ್ಲಿ ಬಸಳೆ, ಹರಿವೆ ಧಾರಾಳ. ಹಾಗಂತ ದಿನಾ ಕೊಡಬಾರದು. ಪಾಲಕ್ ಹಾಗೆಯೇ ಅವುಗಳಲ್ಲೂ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಮೈಗೆ ಹತ್ತಲು ಬಿಡುವುದಿಲ್ಲ. ಬೆಣ್ಣೆಹಣ್ಣು ವಿಷ, ತೋರಿಸಲೂ ಬೇಡಿ. ಇನ್ನೊಂದು, ಅಡಿಕೆ ಮರಕ್ಕೆ ಕೊಳೆರೋಗದ ಮದ್ದು ಬಿಟ್ಟ ಮೇಲೆ ಅದರ ಅಡಿಯ ಸೊಪ್ಪು ಕೀಳಬೇಡಿ. ಮೈಲುತುತ್ತು ಸುಣ್ಣ ಎಲೆಯ ಮೇಲೆ ನೀಲಿಯಾಗಿ ಕೂತಿರುತ್ತದೆ. ಮನೆಯ ಎದುರಿನ ಚಟ್ಟಿಯಲ್ಲಿ ಬೆಳೆದದ್ದು ಸಾಕು.

ಹುಳಕ್ಕೆ ನಾಲಗೆ ಚಾಚುತ್ತದೆ, ಗುರಿ ತಪ್ಪುತ್ತದೆ, ಬೆರಳು ನಡುಗುತ್ತದೆ

ಇದು ಹಸಿವಿನ ತೊಂದರೆ ಅಲ್ಲ, ಮೂಳೆಯದ್ದು. ಸುಣ್ಣದ ಅಂಶ ಸಾಲದೆ, ಅಥವಾ ಯುವಿಬಿ ಇಲ್ಲದೆ ತಿಂದ ಸುಣ್ಣ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ. ಮೊದಮೊದಲು ಬೆರಳಿನ ಸಣ್ಣ ನಡುಕ, ಹುಳ ಹಿಡಿಯಲಾಗದಿರುವುದು. ಆಮೇಲೆ ಕಾಲು ಸೊಟ್ಟಗಾಗುವುದು, ದವಡೆ ರಬ್ಬರಿನ ಹಾಗಾಗುವುದು. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು ವಾರಕ್ಕೆ ಐದು ದಿನವಾದರೂ ಇರಬೇಕು. ಮಲ್ಟಿವಿಟಮಿನ್ ಪುಡಿ ವಾರಕ್ಕೆ ಒಂದು ಸಲ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಹುಳ, ಚಿಟಿಕೆ ಪುಡಿ ಹಾಕಿ ಕುಲುಕಿದರಾಯಿತು.

ಮಳೆ ಬಿಟ್ಟು ಬಿಸಿಲು ಬಂದ ದಿನ ಹದಿನೈದು ಇಪ್ಪತ್ತು ನಿಮಿಷ ಅಂಗಳಕ್ಕೆ ತನ್ನಿ. ಗಾಜಿನ ತೊಟ್ಟಿ ಸಮೇತ ಬಿಸಿಲಿಗೆ ಇಟ್ಟರೆ ಮರಿ ಬೆಂದುಹೋಗುತ್ತದೆ. ಬಲೆಯ ಬುಟ್ಟಿ ಇರಲಿ, ಅರ್ಧ ನೆರಳು ಇರಲಿ, ನೀವು ಪಕ್ಕದಲ್ಲೇ ಇರಿ. ಕಾಗೆಗೂ ಕೆಂಬೂತಕ್ಕೂ ಇದು ಆಸ್ಟ್ರೇಲಿಯಾದ್ದು ಅಂತ ಗೊತ್ತಿಲ್ಲ, ಬೇಲಿ ಮೇಲಿನ ಓಂತಿ ಅಂತಲೇ ಎತ್ತಿಕೊಂಡು ಹೋಗುತ್ತವೆ.

ನಡುಕ ಒಮ್ಮೆ ಶುರುವಾದ ಮೇಲೆ ಪುಡಿ ಜಾಸ್ತಿ ಮಾಡಿ ಕಾಯುವುದು ತಪ್ಪು. ವೈದ್ಯರೇ ನೋಡಬೇಕು. ನಡುಕದ ಜೊತೆ ತಲೆ ಹಿಂದಕ್ಕೆ ತಿರುಚಿ ಮೇಲೆ ದಿಟ್ಟಿಸುತ್ತಿದ್ದರೆ ಅಡಿನೋವೈರಸ್ ಕೂಡ ಇರಬಹುದು. ಅದಕ್ಕೆ ಮದ್ದಿಲ್ಲ, ಆರೈಕೆ ಮಾತ್ರ. ಮನೆಯಲ್ಲಿ ಬೇರೆ ಮರಿ ಇದ್ದರೆ ಕೂಡಲೇ ಬೇರೆ ಕೋಣೆ.

ಹೊಟ್ಟೆ ಗಟ್ಟಿ, ಹಿಕ್ಕೆ ಇಲ್ಲ

ಮರಿಗಳು ಸಾಮಾನ್ಯವಾಗಿ ದಿನಾ ಅಥವಾ ದಿನ ಬಿಟ್ಟು ದಿನ ಹಿಕ್ಕೆ ಹಾಕುತ್ತವೆ. ನಾಲ್ಕು ದಿನ ಇಲ್ಲ ಅಂದರೆ ಯೋಚಿಸಿ. ಕೆಳಗೆ ಮರಳು ಹಾಸಿದ್ದೀರಾ? ದೊಡ್ಡ ಹುಳ ಕೊಟ್ಟಿದ್ದೀರಾ? ಬಿಸಿ ಕಡಿಮೆಯಾ? ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕೂರಿಸಿ, ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಬೆರಳಿನಲ್ಲಿ ಮೆಲ್ಲಗೆ ನೀವಿ. ಬಹಳ ಸಲ ನೀರಿನಲ್ಲೇ ಕೆಲಸ ಆಗಿಬಿಡುತ್ತದೆ. ಎರಡು ದಿನ ಹೀಗೆ ಮಾಡಿಯೂ ಆಗದಿದ್ದರೆ, ಹಿಕ್ಕೆಗೆ ತಿಣುಕುತ್ತಿದ್ದರೆ, ಹಿಂಗಾಲು ಸೋತರೆ ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ. ಹರಳೆಣ್ಣೆ ಕುಡಿಸುವ ಸಲಹೆ ನಮ್ಮ ಮನೆಯಲ್ಲೂ ಬಂದಿತ್ತು. ಬೇಡ. ಶ್ವಾಸಕ್ಕೆ ಹೋದರೆ ಅಲ್ಲಿಗೇ ಮುಗಿಯಿತು.

ತಿನ್ನುತ್ತದೆ, ತೂಕ ಏರುವುದಿಲ್ಲ. ಹಿಕ್ಕೆ ನೀರು, ನಾತ

ಹೊಟ್ಟೆಹುಳ ಅಥವಾ ಕಾಕ್ಸಿಡಿಯಾ (ಕರುಳಿನಲ್ಲಿ ಬದುಕುವ ಸೂಕ್ಷ್ಮ ಪರಾವಲಂಬಿ) ಇರುವ ಸಾಧ್ಯತೆ ಜಾಸ್ತಿ. ಇದು ಮನೆಯಲ್ಲಿ ಕಣ್ಣಿಗೆ ಕಾಣುವುದಲ್ಲ, ಸೂಕ್ಷ್ಮದರ್ಶಕದ ಕೆಲಸ. ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಗೆ ಹಾಕಿ, ಅದೇ ದಿನ ಪರೀಕ್ಷೆಗೆ ಮುಟ್ಟಿಸಿ. ಆಡಿಗೆ ತಂದ ಹುಳದ ಮದ್ದನ್ನು ಅಂದಾಜಿನಲ್ಲಿ ಹನಿಸಬೇಡಿ. ಮೂವತ್ತು ಗ್ರಾಂ ಪ್ರಾಣಿಗೆ ಒಂದು ಹನಿಯೂ ಲೆಕ್ಕವೇ. ಪರೀಕ್ಷೆ ಆಗುವ ತನಕ ಪೆಟ್ಟಿಗೆಯಲ್ಲಿ ಪೇಪರ್ ಮಾತ್ರ ಇರಲಿ, ದಿನಾ ಬದಲಿಸಿ.

ಕೈ ತೊಳೆಯುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಅಡುಗೆಮನೆಯ ಸಿಂಕಿನಲ್ಲಿ ಅದನ್ನು ಮೀಯಿಸಬೇಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರ ವಯಸ್ಸಾದವರು ಮುಟ್ಟದಿರುವುದೇ ಒಳ್ಳೆಯದು.

ಮೈಯೆಲ್ಲ ಬೂದಿ ಬಣ್ಣ, ಚೂರು ಚೂರಾಗಿ ಏಳುತ್ತಿದೆ

ಹಾವಿನ ಪೊರೆ ಉದ್ದಕ್ಕೆ ಚೀಲದ ಹಾಗೆ ಬರುವುದನ್ನು ನೋಡಿದವರು ಇದನ್ನು ಕಂಡು ಗಾಬರಿಯಾಗುತ್ತಾರೆ. ಇದರದ್ದು ಹಾಗಲ್ಲ. ಮಳೆಗಾಲದಲ್ಲಿ ಗೋಡೆಯ ಸುಣ್ಣ ಏಳುವ ಹಾಗೆ, ಇವತ್ತು ತಲೆ, ನಾಳೆ ಬೆನ್ನು, ಇನ್ನೊಂದು ದಿನ ಕಾಲು. ಬೇಗ ಬೆಳೆಯುವ ಮರಿ ಕೆಲವೇ ವಾರಗಳಿಗೊಮ್ಮೆ ಪೊರೆ ಬಿಡುತ್ತಲೇ ಇರುತ್ತದೆ. ಒಂದು ಸುತ್ತು ಮುಗಿಯಲು ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೂ ಹಿಡಿಯುತ್ತದೆ. ಏಳಬೇಕಾದ್ದು ತಾನಾಗಿ ಏಳುತ್ತದೆ. ಉಜ್ಜಿಕೊಳ್ಳಲು ಒಂದು ಒರಟು ಕಲ್ಲು, ಒಂದು ಕೊಂಬೆ ಇಡಿ. ಎಳೆಯಬೇಡಿ. ಅಡಿಯ ಹೊಸ ಚರ್ಮ ಬಲಿಯುವ ಮೊದಲೇ ಕಿತ್ತರೆ ರಕ್ತ ಬರುತ್ತದೆ, ಅಲ್ಲಿ ಕೀವು ಕಟ್ಟುತ್ತದೆ.

ಕೇಳಬಹುದು: ಇಲ್ಲಿ ಇಷ್ಟು ತೇವ ಇರುವಾಗ ಪೊರೆ ಯಾಕೆ ಅಂಟುತ್ತದೆ? ಹೊರಗಿನ ತೇವ ಬೇರೆ, ಮೈಯೊಳಗಿನ ನೀರು ಬೇರೆ. ಬಿಸಿ ಸಾಲದ ಮರಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಚರ್ಮ ಬೆಳೆಯುವುದೂ ನಿಧಾನ, ಪೊರೆ ಬಿಡುವುದೂ ನಿಧಾನ. ಹಿಕ್ಕೆಯ ಬಿಳಿ ಭಾಗ ಹಳದಿಯಾಗಿ ಸುಣ್ಣದ ಗಟ್ಟಿಯ ಹಾಗಿದ್ದರೆ ನೀರು ಕಡಿಮೆಯಾಗಿದೆ ಅಂತಲೇ ಲೆಕ್ಕ. ಸೊಪ್ಪು ತೊಳೆದು ಹನಿ ಹನಿ ಇರುವಾಗಲೇ ಕೊಡಿ. ಮೂಗಿಗೆ ಹನಿ ಬಿಡಿ.

ಬೆರಳಿಗೆ, ಬಾಲದ ತುದಿಗೆ ಪೊರೆ ಉಂಗುರದ ಹಾಗೆ ಸುತ್ತಿಕೊಂಡಿದೆ

ಪೊರೆಯ ವಿಷಯದಲ್ಲಿ ನಾನು ನಿಜವಾಗಿ ಹೆದರುವುದು ಇದೊಂದಕ್ಕೆ. ಬೆನ್ನಿನ ಮೇಲೆ ತಿಂಗಳು ಅಂಟಿದ್ದರೂ ಅಂಥ ದೊಡ್ಡ ವಿಷಯ ಅಲ್ಲ. ಬೆರಳಿನದ್ದು ಹಾಗಲ್ಲ. ಒಂದರ ಮೇಲೊಂದು ಎರಡು ಮೂರು ಸಲದ ಪೊರೆ ಕೂತು ದಾರ ಬಿಗಿದ ಹಾಗೆ ಬಿಗಿಯುತ್ತದೆ. ರಕ್ತ ಓಡುವುದಿಲ್ಲ. ಬೆರಳು ಸತ್ತು ಕಪ್ಪಾಗಿ ಉದುರುತ್ತದೆ. ಹಾಗಾಗಿ ಪೊರೆಯ ಪ್ರತಿ ಸುತ್ತು ಮುಗಿದ ಮೇಲೆ ಟಾರ್ಚು ಹಿಡಿದು ಇಪ್ಪತ್ತು ಬೆರಳೂ ಎಣಿಸಿ ನೋಡಬೇಕು. ಬೆಳಕಿಗೆ ಹಿಡಿದರೆ ಬಿಳಿಯ ಟೊಪ್ಪಿ ಹಾಕಿದ ಹಾಗೆ ಕಾಣುತ್ತದೆ.

ಮೊದಲ ಉಪಾಯ ನೀರು. ಬಕೆಟಿನ ತಳದಲ್ಲಿ ಬೆಚ್ಚಗಿನ ನೀರು, 32 ಡಿಗ್ರಿಯ ಆಸುಪಾಸು. ಮಗುವನ್ನು ಮೀಯಿಸುವ ನೀರಿಗಿಂತ ಕಡಿಮೆ ಬಿಸಿ, ಮೊಣಕೈ ಅದ್ದಿದರೆ ಬಿಸಿ ಅನಿಸಬಾರದು. ಆಳ ಅದರ ಭುಜದ ತನಕ ಮಾತ್ರ. ಹತ್ತು ಹದಿನೈದು ನಿಮಿಷ. ಬಿಟ್ಟು ಎದ್ದು ಹೋಗಬೇಡಿ. ಮೆತ್ತನೆಯ ಮಕ್ಕಳ ಬ್ರಷ್ಷಿನಲ್ಲಿ ಬುಡದಿಂದ ತುದಿಗೆ ನಯವಾಗಿ ತಿಕ್ಕಿ. ಆಮೇಲೆ ಒರೆಸಿ ಬಲ್ಬಿನ ಕೆಳಗೆ ಬಿಡಿ. ಮಳೆಗಾಲದಲ್ಲಿ ಇದೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಸಂಜೆ ಮೀಯಿಸಿ ಒದ್ದೆ ಮೈಯಲ್ಲಿ ರಾತ್ರಿ ಕಳೆದರೆ ಶೀತ ಹಿಡಿಯುತ್ತದೆ. ದಿನ ಬಿಟ್ಟು ದಿನ ಮಾಡಿ, ಒಂದು ವಾರ ಹಿಡಿಯಬಹುದು.

ತೆಂಗಿನೆಣ್ಣೆ? ನಮ್ಮೂರಲ್ಲಿ ಈ ಪ್ರಶ್ನೆ ಬರದೆ ಇರುವುದಿಲ್ಲ. ಬಿಗಿದ ಉಂಗುರದ ಮೇಲೆ ಬತ್ತಿಯ ತುದಿಯಲ್ಲಿ ಒಂದಿಷ್ಟು ಮುಟ್ಟಿಸಿದರೆ ಮೆತ್ತಗಾಗುತ್ತದೆ, ತಪ್ಪಿಲ್ಲ. ಮೈಪೂರ್ತಿ ಎಣ್ಣೆ ಹಚ್ಚಿ ಬಲ್ಬಿನ ಕೆಳಗೆ ಬಿಡುವುದು ಮಾತ್ರ ಬೇಡ. ಧೂಳು, ಹಿಕ್ಕೆ ಎಲ್ಲ ಅಂಟಿಕೊಂಡು ಹೊಸ ತೊಂದರೆ ಶುರುವಾಗುತ್ತದೆ.

ಬೆರಳು ಊದಿದರೆ, ಬಣ್ಣ ಬದಲಾದರೆ ಬ್ರಷ್ಷು ಕೆಳಗಿಡಿ. ಸೂಜಿ, ಬ್ಲೇಡು ಹಿಡಿಯಬೇಡಿ.

ಕಣ್ಣು ಉಬ್ಬಿದೆ, ಅಥವಾ ಮುಚ್ಚಿಯೇ ಇದೆ

ಪೊರೆಯ ಹೊತ್ತಿಗೆ ಕಣ್ಣನ್ನು ಗೋಲಿಯ ಹಾಗೆ ಉಬ್ಬಿಸಿ ಮತ್ತೆ ಒಳಗೆ ಎಳೆದುಕೊಳ್ಳುವುದು ಸಹಜ, ರೆಪ್ಪೆಯ ಪೊರೆ ಸಡಿಲ ಮಾಡುವ ಉಪಾಯ ಅದು. ಮೊದಲ ಸಲ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಒಂದೇ ಕಣ್ಣು ದಿನವಿಡೀ ಮುಚ್ಚಿದ್ದು ನೀರು ಅಥವಾ ಪಿಚ್ಚು ಬರುತ್ತಿದ್ದರೆ ಧೂಳು ಬಿದ್ದಿದೆ ಅಥವಾ ಸೋಂಕು. ಕಣ್ಣಿನ ಸುತ್ತಲಿನ ಪೊರೆಯನ್ನು ಕೈಯಲ್ಲಿ ಮುಟ್ಟಲೇಬೇಡಿ.

ಪೊರೆ ಬಿಟ್ಟರೂ ಹೋಗದ ಹಳದಿ ಕಂದು ಕಲೆ

ಕಲೆ ದೊರಗಾಗಿ, ಹಕ್ಕಳೆಯ ಹಾಗೆ ಕಟ್ಟಿಕೊಂಡಿದೆಯಾ? ಪೊರೆ ಬಿಟ್ಟ ಮೇಲೆ ಇನ್ನೂ ಅಗಲವಾಗಿದೆಯಾ? ಹಾಗಿದ್ದರೆ ಅದು ಪೊರೆ ಅಲ್ಲ, ಬೂಷ್ಟು ರೋಗ ಇರಬಹುದು. ಹಳದಿ ಫಂಗಸ್ ಅಂತ ಸಾಕುವವರು ಕರೆಯುವುದು ಇದನ್ನೇ. ಚರ್ಮದಿಂದ ಮಾಂಸಕ್ಕೆ, ಮೂಳೆಗೆ ಇಳಿಯುತ್ತದೆ, ಒಂದರಿಂದ ಒಂದಕ್ಕೆ ಅಂಟುತ್ತದೆ. ಮೀಯಿಸಬೇಡಿ, ಮನೆಯಲ್ಲಿರುವ ಮುಲಾಮು ಹಚ್ಚಬೇಡಿ. ಕಲೆಯ ಫೋಟೋ ತೆಗೆದು, ಮರಿಯನ್ನು ಬೇರೆ ಇಟ್ಟು, ವೈದ್ಯರಿಗೆ ತೋರಿಸಿ.

ಬಾಯಿ ತೆರೆದು ಕೂತಿದೆ

ಬಲ್ಬಿನ ಕೆಳಗೆ ತೆರೆದಿದ್ದರೆ ಬಿಸಿ ಹೊರಗೆ ಬಿಡುತ್ತಿದೆ, ಏನೂ ತೊಂದರೆ ಇಲ್ಲ. ತಣ್ಣಗಿನ ತುದಿಯಲ್ಲೂ ತೆರೆದಿದ್ದು ಉಸಿರಾಡುವಾಗ ಟಿಕ್ ಟಿಕ್ ಸದ್ದು ಬಂದರೆ ಶ್ವಾಸದ ಸೋಂಕು. ಏಪ್ರಿಲ್ ಮೇ ತಿಂಗಳಲ್ಲಾದರೆ ಇನ್ನೊಂದು ಕಾರಣವೂ ಇದೆ. ಕೋಣೆಯೇ 34 ಡಿಗ್ರಿ ಇರುವಾಗ ಮರಿಗೆ ತಂಪು ತುದಿಯೇ ಉಳಿಯುವುದಿಲ್ಲ. ಆಗ ಸಣ್ಣ ಬಲ್ಬು ಹಾಕಿ, ಮಧ್ಯಾಹ್ನ ಎರಡು ಗಂಟೆ ಹೊತ್ತು ಆರಿಸಿಯೂ ಇಡಬಹುದು.

ವೈದ್ಯರ ಹತ್ತಿರ ಹೋಗುವಾಗ

ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಆಡು, ನಾಯಿಯೇ ಜಾಸ್ತಿ. ಮಂಗಳೂರಿಗೋ ಕಣ್ಣೂರಿಗೋ ಹೊರಡುವ ಮೊದಲು ಫೋನ್ ಮಾಡಿ "ಹಲ್ಲಿ ಜಾತಿಯದ್ದನ್ನು ನೋಡುತ್ತೀರಾ?" ಅಂತ ಕೇಳಿಕೊಳ್ಳಿ. ಕಣ್ಣೂರಿನ ಕಡೆಯಾದರೆ ಮಲಯಾಳದಲ್ಲಿ "ಪಡಂ ಪೊಳಿಯುನ್ನಿಲ್ಲ" (ಪೊರೆ ಬಿಡುತ್ತಿಲ್ಲ) ಅಂದರೆ ಪೊರೆಯ ವಿಷಯ ಒಂದೇ ಮಾತಿನಲ್ಲಿ ತಿಳಿಯುತ್ತದೆ. ನಾನು ಮೊದಲ ಸಲ ಅರ್ಧ ಕನ್ನಡ ಅರ್ಧ ಮಲಯಾಳ ಬೆರೆಸಿ ಚರ್ಮ ಸುಲಿಯುತ್ತಿದೆ ಅಂತ ಹೇಳಿಬಿಟ್ಟಿದ್ದೆ. ಆ ಕಡೆಯವರು ಯಾರು ಸುಲಿದದ್ದು ಅಂತ ಕೇಳಿದರು.

ತೂಕ ಬರೆದ ಚೀಟಿ, ಬಲ್ಬಿನ ಕೆಳಗಿನ ಬಿಸಿಯ ಅಳತೆ, ಯುವಿಬಿ ಟ್ಯೂಬಿನ ತಾರೀಕು, ಪೆಟ್ಟಿಗೆಯ ಫೋಟೋ, ಹಿಕ್ಕೆಯ ಡಬ್ಬಿ ಜೊತೆಗೆ ಇರಲಿ. ಮರಿಯನ್ನು ತೂತು ಮಾಡಿದ ಸಣ್ಣ ಡಬ್ಬದಲ್ಲಿ ಬಟ್ಟೆ ಹಾಸಿ ಇಡಿ. ಮಳೆ ಇದ್ದರೆ ಬಿಸಿನೀರಿನ ಬಾಟಲಿಗೆ ಎರಡು ಸುತ್ತು ಬೈರಾಸು ಸುತ್ತಿ ಡಬ್ಬದ ಹೊರಬದಿಗೆ ಆನಿಸಿ. ಬಸ್ಸಿನಲ್ಲಾದರೆ ಕಿಟಕಿ ಪಕ್ಕ ಕೂರಬೇಡಿ, ಟರ್ಪಾಲು ಎಷ್ಟು ಎಳೆದರೂ ಇರಚಲು ನೀರು ಒಳಗೆ ಬಂದೇ ಬರುತ್ತದೆ.